ಹಗ್ಗ ಕೊಡದ ವ್ಯಾಪಾರ

ನನ್ನ ಹಳೇ ಲ್ಯಾಪ್‌ಟಾಪಿಗೆ ಹನ್ನೊಂದು ಸಾವಿರದ ನಾನೂರು ರೂಪಾಯಿ ಕೊಡುತ್ತೇವೆ ಎಂದಿದ್ದ ಕಂಪನಿಯವರು, ಪೆಟ್ಟಿಗೆ ಬಿಚ್ಚಿ ನೋಡಿದ ಮೇಲೆ ಆರು ಸಾವಿರದ ನೂರು ಎಂದು ಬರೆದರು. ಕಾರಣ ಮೂರು. ಪರದೆಯ ಮೂಲೆಯಲ್ಲಿ ಬಿಳಿ ಚುಕ್ಕೆ. ಚಾರ್ಜರ್ ಬಂದಿಲ್ಲ. ಎಫ್ ಕೀಲಿಯ ಅಕ್ಷರ ಅಳಿಸಿದೆ. ಏಳು ದಿನದೊಳಗೆ ನಾನು ಬೇಡ ಅನ್ನದಿದ್ದರೆ ಒಪ್ಪಿದ ಹಾಗೆಯೇ ಲೆಕ್ಕ. ಚುಕ್ಕೆ ಇದ್ದದ್ದು ನಿಜ. ಚಾರ್ಜರಿನ ಮಾತು ಆಮೇಲೆ. ಎಫ್‌ನದು ಮಾತ್ರ ಹಲ್ಲಿನ ಸಂದಿಗೆ ಸಿಕ್ಕ ಕಬ್ಬಿನ ಸಿಬಿರಿನಂತೆ ಅಂದಿನಿಂದ ಕಾಡುತ್ತಿದೆ.

ಪಾಪ, ನೋಡಿದವರಿಗೆ ಕನ್ನಡ ಟೈಪಿಂಗ್ ಗೊತ್ತಿರಲಿಕ್ಕಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ನಾವೆಲ್ಲ ಕುಟ್ಟುವ ಕೀಲಿಮಣೆಯಲ್ಲಿ ಎಫ್‌ಗೆ ಸ್ವಂತದ್ದೊಂದು ಅಕ್ಷರವಿಲ್ಲ. ಅದು ಒಂದಕ್ಷರದ ಕಾಲಿಗೆ ಇನ್ನೊಂದನ್ನು ಕಟ್ಟುವ ಗಂಟು. ಅದಿಲ್ಲದೆ ಅಮ್ಮ ಬರುವುದಿಲ್ಲ, ಅಪ್ಪ ಬರುವುದಿಲ್ಲ. ಅಕ್ಕ, ಅಣ್ಣ, ಅಜ್ಜಿ ಯಾರೂ ಬರುವುದಿಲ್ಲ. ಚಿಕ್ಕಪ್ಪನಿಗಂತೂ ಎರಡು ಸಲ ಒತ್ತಬೇಕು. ಎಫ್‌ನ ಹಂಗಿಲ್ಲದೆ ಮನೆಯೊಳಗೆ ಬರುವವರು ತಾತ ಮತ್ತು ಮಾವ. ಊರುಗಳನ್ನೇ ನೋಡಿ: ಚಿಕ್ಕಬಳ್ಳಾಪುರಕ್ಕೆ ಎರಡು ಎಫ್, ಶಿಡ್ಲಘಟ್ಟಕ್ಕೆ ಎರಡು, ನಮ್ಮ ಮಂಚೇನಹಳ್ಳಿಗೆ ಒಂದು. ಗೌರಿಬಿದನೂರು, ಚಿಂತಾಮಣಿ ಒಂದೂ ಕೇಳದ ಸಾಧು ಊರುಗಳು. ಎಂಟು ವರ್ಷ ಇಷ್ಟು ಜನರನ್ನು, ಇಷ್ಟು ಊರುಗಳನ್ನು ಕಟ್ಟಿದ ಕೀಲಿ ಸವೆಯದೆ ಇನ್ನೇನಾದೀತು? ಇಂಗ್ಲಿಷಿನವರ ಮನೆಯಲ್ಲಿ ಇ ಸವೆಯುತ್ತದೆ, ನಮ್ಮಲ್ಲಿ ಎಫ್. ಅದಕ್ಕೂ ದುಡ್ಡು ಕಡಿತವೆಂದರೆ ಇದು ಒತ್ತಕ್ಷರದ ಮೇಲೆ ಹಾಕಿದ ತೆರಿಗೆ.

ಮಾರುವ ಯೋಚನೆ ನನ್ನದಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆರೈಕೆ ನಿಂತಿತು. ಹನ್ನೊಂದನ್ನು ಹಾಕೋಣವೆಂದರೆ ಪ್ರೊಸೆಸರು ಎಂಟನೇ ಜನರೇಷನ್ನಿನದಾದರೂ ಇರಬೇಕಂತೆ, ನನ್ನದು ಏಳು. “ಇದರ ಕಾಲ ಮುಗೀತು ಮಾವ” ಅಂದ ಅಕ್ಕನ ಮಗ. ಗುಜರಿಯವನಿಗೆ ಹಾಕಿಬಿಡುತ್ತೇನೆ ಎಂದಿದ್ದಕ್ಕೆ ಪಾಠವನ್ನೇ ಶುರುಮಾಡಿದ: 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮ ಬಂದಿದೆ, ತಯಾರಿಸಿದವರೇ ಹಳೆಯದರ ಹೊಣೆ ಹೊರಬೇಕು, ದಾಬಸ್‌ಪೇಟೆಯ ಇ-ಪರಿಸರದಂಥ ಕಾರ್ಖಾನೆಗಳಲ್ಲಿ ಬೋರ್ಡು ಬಿಚ್ಚಿ ತಾಮ್ರ ಬೇರೆ, ಬಂಗಾರ ಬೇರೆ ಮಾಡುತ್ತಾರೆ, ಗುಜರಿಯವನು ರಸ್ತೆ ಬದಿಯಲ್ಲಿ ಸುಡುತ್ತಾನೆ. ಆಯಿತಪ್ಪ ಎಂದು ಕಂಪನಿಯ ಫಾರಂ ತುಂಬಲು ಕೂತೆವು. ಪರದೆ ಹೇಗಿದೆ? ಚೆನ್ನಾಗಿದೆ. (ಆ ಚುಕ್ಕೆ ಕಾಣಬೇಕಾದರೆ ಕತ್ತಲಲ್ಲಿ ಕೂರಬೇಕು.) ಮನೆಗೇ ಬಂದು ಒಯ್ಯುತ್ತೇವೆ ಎಂದಿದ್ದವರು, ಪಿನ್‌ಕೋಡ್ ಹಾಕಿದೊಡನೆ ನಿಮ್ಮೂರಿಗೆ ಸೇವೆ ಇಲ್ಲ, ನೀವೇ ಕಳಿಸಿ ಅಂದರು. ಮಂಚೇನಹಳ್ಳಿ ತಾಲ್ಲೂಕಾದ ಸುದ್ದಿ ಅವರಿಗಿನ್ನೂ ಮುಟ್ಟಿಲ್ಲ. ಗೌರಿಬಿದನೂರಿನ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಕೊರಿಯರ್ ಹುಡುಗ ಒಳಗೆ ಬ್ಯಾಟರಿ ಇದೆಯಾ ಎಂದು ಕೇಳಿ, ಕೆಂಪು ಅಂಚಿನ ಲಿಥಿಯಂ ಚೀಟಿ ಅಂಟಿಸಿ, ಹಿಂದಕ್ಕೆ ತಳ್ಳಿದ.

ಆ ತಳ್ಳುವಿಕೆಯಲ್ಲೇ ನನಗೆ ಘಾಟಿ ನೆನಪಾದದ್ದು.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಅಪ್ಪ ಹಳ್ಳಿಕಾರ್ ಜೋಡಿಯನ್ನು ನಡೆಸಿಕೊಂಡೇ ಹೋಗುತ್ತಿದ್ದ. ಪುಷ್ಯದ ಚಳಿ. ರಾತ್ರಿ ಊಟ ಮಾಡಿ ಹೊರಟರೆ ತೊಂಡೇಬಾವಿ ದಾಟಿ, ಮಾಕಳಿದುರ್ಗದ ಬೆಟ್ಟ ಕಣ್ಣಿಗೆ ಬೀಳುವಾಗ ಮೂಡಣ ಕೆಂಪಾಗುತ್ತಿತ್ತು. ಐದನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ನನ್ನನ್ನೂ ಕರೆದುಕೊಂಡು ಹೋದ. ಬೈಲಿನ ತುಂಬ ದನ, ಹುಲ್ಲು, ಹೊಗೆ, ಗಂಜಲದ ವಾಸನೆ. ಬಯಲುಸೀಮೆಯವರು, ಧಾರವಾಡದ ಕಡೆಯವರು, ಅನಂತಪುರದವರು. ನಮ್ಮ ಕಡೆಯವರು ಬೈಯುವುದು ಕನ್ನಡದಲ್ಲಿ, ಚೌಕಾಸಿ ತೆಲುಗಿನಲ್ಲಿ. ಅಲ್ಲಿ ಎರಡೂ ಬೆರೆತುಹೋಗಿದ್ದವು.

ಕೊಳ್ಳುವವನು ಮೊದಲು ಎತ್ತಿನ ಬಾಯಿ ಬಿಡಿಸಿದ. ದನಕ್ಕೆ ಮುಂಬಾಯಲ್ಲಿ ಹಲ್ಲಿರುವುದು ಕೆಳಗೆ ಮಾತ್ರ, ಎಂಟು. ಹಾಲು ಹಲ್ಲು ಬಿದ್ದು ಎರಡೆರಡಾಗಿ ಹೊಸವು ಬರುತ್ತವೆ: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟಾದರೆ ಬಾಯಿ ಕೂಡಿತು. ಅಲ್ಲಿಂದಾಚೆಗೆ ಎತ್ತಿನ ವಯಸ್ಸು ಮಾಲೀಕನ ಬಾಯಿಮಾತು. ಏಳು ಹಲ್ಲಿನ ಎತ್ತು ಎಲ್ಲಿದೆ? ನನ್ನ ಲ್ಯಾಪ್‌ಟಾಪನ್ನು ಬಿಟ್ಟರೆ ಇಲ್ಲ. ಆಮೇಲೆ ಸುಳಿ ನೋಡಿದ, ಗೊರಸು ತಟ್ಟಿದ, ಬಾಲ ತಿರುಚಿದ. ಅಪ್ಪ ಅಷ್ಟು ಹೊತ್ತೂ ಬೀಡಿ ಸೇದುತ್ತ, ಸಂಬಂಧವೇ ಇಲ್ಲದವನಂತೆ ಬೆಟ್ಟ ನೋಡುತ್ತಿದ್ದ.

ಅಪ್ಪನೇನು ಕಮ್ಮಿಯವನಲ್ಲ. ಜೋಡಿಯ ಎಡಗಡೆಯದಕ್ಕೆ ಮಲಗಿ ಏಳುವಾಗ ಹಿಂಗಾಲು ಸ್ವಲ್ಪ ಎಳೆಯುತ್ತಿತ್ತು. ನಾಲ್ಕು ಹೆಜ್ಜೆ ಹಾಕಿದರೆ ಸರಿಹೋಗುತ್ತಿತ್ತು. ಅದಕ್ಕೇ ಬೆಳಗಿನಿಂದ ಅದನ್ನು ಮಲಗಲು ಬಿಟ್ಟಿರಲಿಲ್ಲ. ನನಗೂ ಬಾಯಿ ಬಿಡಬೇಡ ಎಂದು ಕಡಲೆಪುರಿ ಕೊಡಿಸಿದ್ದ. ಕೊಳ್ಳುವವನು ಅಪ್ಪನಿಗಿಂತ ಪಾಕಡಾ. “ಮಲಗಿಸಿ ಎಬ್ಬಿಸಪ್ಪ” ಅಂದ. ಎತ್ತು ಎದ್ದಿತು, ಕಾಲು ಎಳೆಯಿತು. ಅಪ್ಪ ಬೀಡಿ ಎಸೆದ. “ರಾತ್ರಿಯೆಲ್ಲ ನಡೆದು ಬಂದಿದೆ, ನೀನು ನಡೆದು ನೋಡು” ಅಂದ. ಸುತ್ತ ನಿಂತವರು ನಕ್ಕರು. ಕೊಳ್ಳುವವನೂ ನಕ್ಕ.

ಆಮೇಲೆ ದಳ್ಳಾಳಿ ಹೆಗಲ ಟವೆಲ್ ತೆಗೆದು ಅಪ್ಪನ ಕೈ ಮೇಲೆ ಹೊದಿಸಿದ. ಅದರ ಕೆಳಗೆ ಬೆರಳುಗಳು ಏನೇನೋ ಮಾತಾಡಿದವು. ಒಂದು ಬೆರಳು ಹಿಡಿದರೆ ಎಷ್ಟು, ಎರಡು ಹಿಡಿದರೆ ಎಷ್ಟು ಎನ್ನುವುದು ಅವರಿಬ್ಬರಿಗೆ ಗೊತ್ತು. ಅಪ್ಪ ತಲೆ ಅಲ್ಲಾಡಿಸಿ ಕೈ ಎಳೆದುಕೊಂಡ, ಮತ್ತೆ ಕೊಟ್ಟ, ಮತ್ತೆ ಎಳೆದುಕೊಂಡ. ಮೂರನೇ ಸಲ ಎಳೆದುಕೊಳ್ಳಲಿಲ್ಲ. ಕಾಲಿಗೆ ಎಷ್ಟು ಕಡಿದರೆಂದು ಅಪ್ಪ ಯಾರಿಗೂ ಹೇಳಲಿಲ್ಲ, ಅಮ್ಮನಿಗೂ. ಆ ಟವೆಲ್ಲಿನಡಿಯ ಬೆಲೆ ಜಾತ್ರೆಗೆಲ್ಲ ಗುಟ್ಟು, ಮಾರುವವನ ಬೆರಳಿಗೆ ಗೊತ್ತು. ಈಗ ಬೆಲೆ ಪರದೆಯ ಮೇಲೆ ದಪ್ಪಕ್ಷರದಲ್ಲಿ ಲೋಕಕ್ಕೆಲ್ಲ ಕಾಣುತ್ತದೆ. ಅದನ್ನು ಇಳಿಸುವ ಕೈ ಯಾವುದೆಂದು ಮಾರುವವನೊಬ್ಬನಿಗೆ ಗೊತ್ತಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ರೀಲರಿಗೂ ಒಂದು ಮುಖವಿದೆ. ನನ್ನ ಎಫ್ ಮೇಲೆ ಬೆರಳಿಟ್ಟವರಿಗೆ ಮುಖವಿದ್ದಿದ್ದರೆ, “ಎಂಟು ವರ್ಷ ಅಪ್ಪ ಅಮ್ಮ ಎಂದು ಬರೆದು ನೋಡಪ್ಪ” ಅನ್ನುತ್ತಿದ್ದೆ. ಅವರೂ ನಗುತ್ತಿದ್ದರೋ ಏನೋ. ನಕ್ಕು ಅಷ್ಟೇ ಕಡಿಯುತ್ತಿದ್ದರು. ಅದು ಬೇರೆ ಮಾತು.

ವ್ಯಾಪಾರ ಕುದುರಿದ ಮೇಲೆ ಅಪ್ಪ ಮಾಡಿದ ಒಂದು ಕೆಲಸ ನನಗೆ ಆಗ ಅರ್ಥವಾಗಲಿಲ್ಲ. ಕೊಳ್ಳುವವನು ತಂದಿದ್ದ ಹೊಸ ಹಗ್ಗ ಕಟ್ಟಿಸಿ, ನಮ್ಮ ಹಗ್ಗ ಬಿಚ್ಚಿ, ಸುತ್ತಿ, ಹೆಗಲಿಗೆ ಹಾಕಿಕೊಂಡ. ದನ ಕೊಡಬಹುದು, ಹಗ್ಗ ಕೊಡಬಾರದು, ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆ ಎಂದು ಅಮ್ಮ ಆಮೇಲೆ ಹೇಳಿದಳು. ಬರುವಾಗ ತೊಂಡೇಬಾವಿಯವರೆಗೆ ರೈಲು. ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಹಗ್ಗ ಮಾತ್ರ ಎತ್ತಿನ ವಾಸನೆ ಬೀರುತ್ತ ನಮ್ಮಿಬ್ಬರ ನಡುವೆ ಕೂತಿತ್ತು. ಮನೆಗೆ ಬಂದು ಅಪ್ಪ ಅದನ್ನು ಕೊಟ್ಟಿಗೆಯ ಮೊಳೆಗೆ ನೇತುಹಾಕಿದ. ಆ ಮೊಳೆ ಈಗಲೂ ಇದೆ. ಕೊಟ್ಟಿಗೆ ಮಾತ್ರ ಈಗ ಗೋಡೌನು.

ನಿನ್ನೆ ಅಕ್ಕನ ಮಗ ಫೋನ್ ಮಾಡಿದ್ದ. ಆರನೇ ದಿನ.

“ಮಾವ, ಎಫ್ ಬಗ್ಗೆ ಜಗಳ ಆಡಿದ್ರೆ ಏನೂ ಗಿಟ್ಟಲ್ಲ. ಚಾರ್ಜರ್ ಕಳಿಸಿದ್ರೆ ಎರಡು ಸಾವಿರ ಜಾಸ್ತಿ ಬರುತ್ತಂತೆ. ಎಲ್ಲಿಕ್ಕಿದ್ದೀರ ನೋಡಿ.”

ನೋಡುವುದೇನು, ನಾನೇ ಸುತ್ತಿ ನೇತುಹಾಕಿದ್ದು.

“ಎಲ್ಲಾ ಕಡೆ ಹುಡುಕಿದೆ ಕಣೋ” ಅಂದೆ. “ಸಿಗಲಿಲ್ಲ ಅಂತ ಬರಿ.”