ಅವಸರ ಮಾಡದ ಆಟಗಳು

ದಣಿವಾದಾಗ ವಿಡಿಯೋ ಗೇಮ್ ಆಡಿ ಎಂದರೆ ಬಹಳ ಜನಕ್ಕೆ ಮೊದಲು ನೆನಪಾಗುವುದು ಗುಂಡಿನ ಸದ್ದು. ಪಕ್ಕದ ಕೋಣೆಯಲ್ಲಿ ಪಬ್‌ಜಿ ಆಡುವ ಹುಡುಗರ ಕೂಗಾಟ ಕೇಳಿ ಕೇಳಿ, ಗೇಮ್ ಅಂದರೆ ತಲೆಬಿಸಿ ಎಂಬ ತೀರ್ಮಾನಕ್ಕೆ ಎಷ್ಟೋ ಮನೆಗಳು ಬಂದುಬಿಟ್ಟಿವೆ. ಆದರೆ ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಬೇರೆ ಬಗೆಯ ಆಟಗಳೂ ಬೆಳೆದಿವೆ. ತೋಟ ಮಾಡುವುದು, ಸಾಮಾನು ಜೋಡಿಸುವುದು, ಗುಡ್ಡ ಹತ್ತುವುದು, ಪಾಚಿ ಕಟ್ಟಿದ ಗೋಡೆ ತೊಳೆಯುವುದು, ಇಷ್ಟೇ ಅಲ್ಲಿಯ ಕೆಲಸ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮನೆಗೆ ಬಂದ ಮೇಲೆ ಮತ್ತೊಂದು ಪರದೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ನನ್ನ ಅನುಭವದಲ್ಲಿ ಮನಸ್ಸನ್ನು ಸುಸ್ತು ಮಾಡುವುದು ಪರದೆಗಿಂತ ಹೆಚ್ಚಾಗಿ ಅದರ ಹಿಂದೆ ನಿಂತು ಬೇಗ ಬೇಗ ಎನ್ನುವ ಗಡಿಯಾರ.

ಹಾಗಾಗಿ ಆಟ ಆರಿಸುವಾಗ ಚಿತ್ರದ ಚಂದ, ಸಂಗೀತದ ಇಂಪು ನೋಡಿ ಮರುಳಾಗಬಾರದು. 2009ರಲ್ಲಿ ಫೇಸ್‌ಬುಕ್‌ಗೆ ಬಂದ ಫಾರ್ಮ್‌ವಿಲ್ ನೋಡುವುದಕ್ಕೆ ಎಷ್ಟು ಮುದ್ದಾಗಿತ್ತು! ಕೆಂಪು ಕಣಜ, ಹಸು, ಸಾಲುಸಾಲು ಹೊಲ. ಸ್ಟ್ರಾಬೆರಿ ಹಾಕಿದರೆ 4 ಗಂಟೆಯಲ್ಲಿ ಹಣ್ಣು. ಆ ಹೊತ್ತಿಗೆ ಬಂದು ಕೊಯ್ಯದೆ ತಡಮಾಡಿದಿರೋ, ಇಡೀ ಬೆಳೆ ಒಣಗಿ ನಿಂತಿರುತ್ತಿತ್ತು. ನಡುರಾತ್ರಿ ಅಲಾರಂ ಇಟ್ಟು ಎದ್ದು ಇಲ್ಲದ ಹೊಲದ ಕೊಯ್ಲು ಮಾಡಿ ಮಲಗಿದವರನ್ನು ನಾನು ಬಲ್ಲೆ. ಈಗಲೂ ಫೋನಿನಲ್ಲಿ ಪುಕ್ಕಟೆಯಾಗಿ ಸಿಗುವ ಎಷ್ಟೋ ಆಟಗಳ ನಡೆ ಇದೇ. ಅರ್ಧ ಗಂಟೆ ಕಾದರೆ ಒಂದು ಜೀವ, ಕಾಯಲಾಗದಿದ್ದರೆ ದುಡ್ಡು ಕೊಡಿ. ಮೂರು ನಿಮಿಷಕ್ಕೊಂದು ಜಾಹೀರಾತು. ಹೆಸರಿನಲ್ಲಿ 'ರಿಲ್ಯಾಕ್ಸ್' ಎಂದಿದ್ದರೂ ಇಂಥವು ಮನಸ್ಸನ್ನು ಹಿಂಡುತ್ತವೆ. ಇದನ್ನು ನಾನು ಬೇಸರದಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ವಿಶ್ರಾಂತಿ ಹುಡುಕಿಕೊಂಡು ಬಂದವರನ್ನೇ ಇವು ಹಿಡಿಯುವುದು.

ನಿರಾಳ ಆಟ ಯಾವುದು ಎಂದು ಕೇಳಿದರೆ ಎಲ್ಲರೂ ಮೊದಲು ಹೇಳುವ ಹೆಸರು ಸ್ಟಾರ್‌ಡ್ಯೂ ವ್ಯಾಲಿ. ಅಮೆರಿಕದ ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕೂತು ಚಿತ್ರ, ಸಂಗೀತ, ಮಾತು, ಪ್ರೋಗ್ರಾಂ ಎಲ್ಲವನ್ನೂ ತಾನೇ ಮಾಡಿ 2016ರಲ್ಲಿ ಹೊರತಂದ ಆಟ. ಇಂದಿಗೆ 4 ಕೋಟಿಗೂ ಮೀರಿ ಪ್ರತಿಗಳು ಖರ್ಚಾಗಿವೆ. ಕಚೇರಿಯ ಕೆಲಸದಲ್ಲಿ ಬತ್ತಿಹೋದವರೊಬ್ಬರು ತಾತ ಬಿಟ್ಟುಹೋದ ಹಾಳುಬಿದ್ದ ಜಮೀನಿಗೆ ಹೋಗಿ ಉಳಲು ಶುರು ಮಾಡುವ ಕಥೆ. ಇದರ ಮೇಲೆ ನನಗೆ ತುಂಬಾ ಪ್ರೀತಿ. ಇಲ್ಲಿ ಒಂದು ದಿನ ನೀರು ಹಾಕದಿದ್ದರೆ ಗಿಡ ಸಾಯುವುದಿಲ್ಲ, ಅಂದಿನ ಮಟ್ಟಿಗೆ ಬೆಳೆಯುವುದಿಲ್ಲ, ಅಷ್ಟೆ. ಆಟ ಮುಚ್ಚಿಟ್ಟು ಒಂದು ವರ್ಷ ಬಿಟ್ಟು ಬಂದರೂ ಕೋಳಿಗಳು ಗೂಡಿನಲ್ಲಿ ಹಾಗೇ ಇರುತ್ತವೆ.

ಆದರೂ ಸ್ಟಾರ್‌ಡ್ಯೂ ಒಳಗೂ ಒಂದು ಗಡಿಯಾರ ಓಡುತ್ತಿರುತ್ತದೆ ಎಂದು ಯಾರೂ ಹೇಳುವುದಿಲ್ಲ. ಅಲ್ಲಿ ಬೆಳಗಿನ ಆರಕ್ಕೆ ಶುರುವಾದ ದಿನ ನಮ್ಮ ಲೆಕ್ಕದಲ್ಲಿ 14 ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ರಾತ್ರಿ ಎರಡರೊಳಗೆ ಹಾಸಿಗೆ ಸೇರದಿದ್ದರೆ ಬವಳಿ ಬಂದು ಬಿದ್ದು ಕೈಯಲ್ಲಿದ್ದ ಒಂದಿಷ್ಟು ಕಾಸು ಹೋಗುತ್ತದೆ. ಕಂಪ್ಯೂಟರಿನಲ್ಲಿ ಆಡುವಾಗ ಆಟ ಸೇವ್ ಆಗುವುದು ಅಲ್ಲಿ ಮಲಗಿದ ಮೇಲೆಯೇ. ಮಲಗಿದ ಕೂಡಲೇ ಹೊಸ ಬೆಳಗು. ನಿನ್ನೆ ಕಾಯಿಯಾಗಿದ್ದದ್ದು ಇವತ್ತು ಹಣ್ಣು. ಇನ್ನೊಂದೇ ದಿನ, ಇನ್ನೊಂದೇ ದಿನ ಎಂದು ಹನ್ನೆರಡು ಗಂಟೆ ದಾಟುವುದು ಹೀಗೆ. ರಜೆಯ ಮಧ್ಯಾಹ್ನಕ್ಕೆ ಇದು ಸೊಗಸಾದ ಆಟ. ದಿನವಿಡೀ ತೀರ್ಮಾನ ತೆಗೆದುಕೊಂಡು ಬಳಲಿದ ರಾತ್ರಿಗೆ ಮಾತ್ರ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಅಂಥ ರಾತ್ರಿಗೆ ಅನ್‌ಪ್ಯಾಕಿಂಗ್ ಇದೆ. ಆಸ್ಟ್ರೇಲಿಯಾದ ಬ್ರಿಸ್ಬೇನಿನ ಸಣ್ಣ ತಂಡವೊಂದು 2021ರಲ್ಲಿ ತಂದದ್ದು. ರಟ್ಟಿನ ಡಬ್ಬ ಬಿಚ್ಚಿ ಒಂದೊಂದೇ ವಸ್ತು ತೆಗೆದು ಜಾಗಕ್ಕಿಡುವುದು ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ. ಸಮಯದ ಮಿತಿಯಿಲ್ಲ, ಅಂಕ ಇಲ್ಲ. ತಪ್ಪು ಜಾಗದಲ್ಲಿಟ್ಟದ್ದಕ್ಕೆ ಕೊನೆಯಲ್ಲಿ ಕೆಂಪು ಅಂಚು ಬರುತ್ತದೆ. ಅದೂ ಬೇಡವೆಂದರೆ ಎಲ್ಲಿ ಬೇಕಾದರೂ ಇಡಬಹುದು ಎಂಬ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಬಟ್ಟಲೊಂದನ್ನು ಮರದ ಕಪಾಟಿನಲ್ಲಿಟ್ಟರೆ ಒಂದು ಸದ್ದು, ಹೆಂಚಿನ ನೆಲದ ಮೇಲಿಟ್ಟರೆ ಇನ್ನೊಂದು. ಇದಕ್ಕಾಗಿ ಅವರು 14 ಸಾವಿರಕ್ಕೂ ಹೆಚ್ಚು ಸದ್ದುಗಳನ್ನು ಧ್ವನಿಮುದ್ರಿಸಿದ್ದಾರೆ. ಆ ಶ್ರದ್ಧೆ ಆಡುವವರ ಬೆರಳಿಗೆ ತಿಳಿಯುತ್ತದೆ.

ಸಾಮಾನಿನ ಯಜಮಾನಿ ಒಬ್ಬ ಹುಡುಗಿ. ಅವಳ ಮುಖ ಕಾಣುವುದಿಲ್ಲ, ಮಾತೂ ಕೇಳಿಸುವುದಿಲ್ಲ. 1997ರಲ್ಲಿ ಅವಳ ಬಾಲ್ಯದ ಕೋಣೆಯಿಂದ ಹೊರಟು 2018ರವರೆಗೆ ಮನೆಯಿಂದ ಮನೆಗೆ ಅವಳ ಗಂಟುಮೂಟೆ ಬಿಚ್ಚುತ್ತ ಹೋಗುತ್ತೇವೆ. 2010ರಲ್ಲಿ ಅವಳು ಪ್ರಿಯಕರನ ಫ್ಲ್ಯಾಟಿಗೆ ಬರುತ್ತಾಳೆ. ಕಪಾಟಿನ ತುಂಬ ಅವನದೇ ಬಟ್ಟೆ, ಗೋಡೆಯ ಮೇಲೆ ಅವನದೇ ಚಿತ್ರಗಳು. ಅವಳ ಪದವಿ ಪ್ರಮಾಣಪತ್ರ ಕೈಗೆ ಬಂತು. ಗೋಡೆಗೆ ತೂಗುಹಾಕೋಣವೆಂದರೆ ಜಾಗವಿಲ್ಲ. ಅಡುಗೆಮನೆಯಲ್ಲಿ, ಹಾಲಿನಲ್ಲಿ, ಬಚ್ಚಲಲ್ಲಿ ಸುತ್ತಿದರೂ ಆಟ ಒಪ್ಪುವುದಿಲ್ಲ. ಕೊನೆಗೆ ಅದನ್ನು ಮಂಚದ ಕೆಳಗೆ ತಳ್ಳಬೇಕು. ಈ ಮನೆ ಅವಳದಾಗುವುದಿಲ್ಲ ಎಂದು ನಮಗೆ ತಿಳಿಯುವುದು ಅಲ್ಲಿ. ನಿರಾಳ ಆಟಗಳಲ್ಲಿ ನೋವಿಗೆ ಜಾಗವಿಲ್ಲ ಎಂದುಕೊಂಡವರು ಇದನ್ನು ಆಡಿ ನೋಡಬೇಕು. ಅವಸರವಿಲ್ಲದಿರುವುದರಿಂದಲೇ ಆ ನೋವು ನಾಟುತ್ತದೆ.

ಕಥೆಯೂ ಬೇಡ ಎನ್ನುವವರಿಗೆ ಸ್ವೀಡನ್ನಿನ ಆಸ್ಕರ್ ಸ್ಟೋಲ್ಬರ್ಗ್ ಮಾಡಿದ ಟೌನ್‌ಸ್ಕೇಪರ್ ಇದೆ. ಸಮುದ್ರದ ಮೇಲೆ ಬೆರಳಿಟ್ಟಲ್ಲೆಲ್ಲ ಬಣ್ಣದ ಮನೆ ಏಳುತ್ತದೆ, ನಾಲ್ಕು ಕಡೆ ಮನೆ ಕಟ್ಟಿ ಮುಚ್ಚಿದರೆ ನಡುವೆ ತಾನಾಗಿಯೇ ಹಿತ್ತಲು ಮೂಡುತ್ತದೆ. ಹಿಡಿದ ಕೆಲಸ ಒಂದೂ ಮುಗಿಯದ ವಾರ, ಕೊಳೆ ತೊಳೆಯುವುದೇ ಕೆಲಸವಾದ ಪವರ್‌ವಾಶ್ ಸಿಮ್ಯುಲೇಟರ್ ಒಳ್ಳೆಯದು. ಕೊಳೆ ಪೂರ್ತಿ ಹೋದೊಡನೆ ಆ ಭಾಗ ಮಿನುಗಿ 'ಟಿಣ್' ಎನ್ನುತ್ತದೆ. ಫೋನಿನಲ್ಲೇ ಆಡುವವರು ಆಲ್ಟೋಸ್ ಒಡಿಸ್ಸಿ ಹಾಕಿಕೊಂಡು ಅದರ ಝೆನ್ ಮೋಡ್ ಆರಿಸಲಿ. ಬಿದ್ದರೆ ಬಿದ್ದಲ್ಲೇ ಎದ್ದು ಮತ್ತೆ ಮರಳಿನ ಮೇಲೆ ಜಾರುವುದು.

ಅಮ್ಮನಿಗೆ ಇವೆಲ್ಲ ಅಷ್ಟಕ್ಕಷ್ಟೆ. ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತದ್ದು ವೆಣ್ಬಾ ಆಡುವಾಗ. ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬವೊಂದರ ಕಥೆಯಿದು, ಟೊರಾಂಟೊದ ತಂಡ 2023ರಲ್ಲಿ ತಂದದ್ದು. ಮರುವರ್ಷ ಬಾಫ್ಟಾ ಪ್ರಶಸ್ತಿಯೂ ಬಂತು. ಆ ಮನೆಯಾಕೆಗೆ ಅವಳ ತಾಯಿ ಕೊಟ್ಟ ಅಡುಗೆ ಪುಸ್ತಕ ಹರಿದಿದೆ, ಅಕ್ಷರ ಅಳಿಸಿದೆ, ಬಿಟ್ಟುಹೋದದ್ದನ್ನು ಊಹಿಸಿ ಅಡುಗೆ ಮಾಡಬೇಕು. ಮೊದಲ ಅಡುಗೆಯೇ ಇಡ್ಲಿ. ಆವಿ ಎಲ್ಲ ತಟ್ಟೆಗೂ ಹೋಗುವ ಹಾಗೆ ಜೋಡಿಸಬೇಕಿತ್ತು. ನಾನು ಒಂದರ ಮೇಲೊಂದು ನೇರವಾಗಿ ಪೇರಿಸಲು ಹೊರಟಿದ್ದೆ.

"ಹಾಗಲ್ಲ ಕಣೆ, ಗುಳಿ ಮೇಲೆ ಗುಳಿ ಬರಬಾರ್ದು. ಮಧ್ಯದ ತಟ್ಟೆ ಒಂಚೂರು ತಿರುಗಿಸು."

ತಿರುಗಿಸಿದೆ. ಇಡ್ಲಿ ಉಬ್ಬಿ ಬಂತು. "ಇವರೂ ಬಲ್ಲವರೇ ಬಿಡು," ಎಂದು ಅಮ್ಮ ಆಟ ಮಾಡಿದವರನ್ನು ಮೆಚ್ಚಿಕೊಂಡಳು. ಮಗ ಬೆಳೆದು ದೂರವಾಗುವ ಭಾಗ ಬಂದಾಗಲೂ ಎದ್ದುಹೋಗಲಿಲ್ಲ. ಆಟ ಒಂದೂವರೆ ಗಂಟೆಯೊಳಗೆ ಮುಗಿದಾಗ, ಇದೇ ಥರದ್ದು ನಮ್ಮ ಕಡೆಯದು ಇಲ್ಲವೇ ಎಂದು ಕೇಳಿದಳು.

ಆಗಬೇಕು ಎಂಬುದು ನನ್ನ ಆಸೆ. ನವರಾತ್ರಿಗೆ ಗೊಂಬೆ ಕೂರಿಸುವುದನ್ನೇ ತೆಗೆದುಕೊಳ್ಳಿ. ಅಟ್ಟದಿಂದ ಟ್ರಂಕು ಇಳಿಸಿ, ಹಳೆಯ ಪೇಪರಿನ ಸುತ್ತು ಬಿಚ್ಚಿ, ಮೂಗು ಮುಕ್ಕಾದ ಶೆಟ್ಟಿ ಗೊಂಬೆಯ ಧೂಳು ಒರೆಸಿ, ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆ ಇಟ್ಟು ಕೆಳಕ್ಕೆ ಬರುತ್ತ ಹೋದರೆ ಸಾಕು, ಒಂದು ಮನೆಯ ಮೂರು ತಲೆಮಾರಿನ ಕಥೆ ತಾನೇ ಬಿಚ್ಚಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಆಟ ಕಟ್ಟಬಲ್ಲ ಹುಡುಗ ಹುಡುಗಿಯರಿಗೆ ಬರವಿಲ್ಲ. ಯಾರಾದರೂ ಕೈಹಾಕಿದರೆ, ಕೆಳಗಿನ ಸಾಲಿನ ತರಕಾರಿ ಅಂಗಡಿಯನ್ನು ಹೇಗೆ ಜೋಡಿಸಬೇಕೆಂದು ಹೇಳಿಕೊಡಲು ಅಮ್ಮ ತಯಾರಿದ್ದಾಳೆ.