ನವನಗರದಿಂದ ಉಳವಿಗೆ

ನವನಗರ, ಹುಬ್ಬಳ್ಳಿ

ಪ್ರೀತಿಯ ಅಕ್ಕನಿಗೆ,

ಚಿಕ್ಕಮ್ಮನ ಮನೆ ಮುಟ್ಟಿದ್ದೇನೆ, ಎಲ್ಲರೂ ಆರಾಮ. ನವನಗರ ಹುಬ್ಬಳ್ಳಿಯೂ ಅನ್ನಿಸುವುದಿಲ್ಲ, ಧಾರವಾಡವೂ ಅನ್ನಿಸುವುದಿಲ್ಲ. ಕಾನೂನು ವಿಶ್ವವಿದ್ಯಾಲಯ, ಕ್ಯಾನ್ಸರ್ ಆಸ್ಪತ್ರೆ, ಪಕ್ಕದಲ್ಲೇ ಅಮರಗೋಳದ ಎಪಿಎಂಸಿ. ಚಿಗರಿ ಬಸ್ಸು ಹತ್ತಿದರೆ ಎತ್ತ ಬೇಕಾದರೂ ಹೋಗಬಹುದು. ಎರಡೂ ಊರು ಸೇರಿ ಮಹಾನಗರ ಪಾಲಿಕೆ ಆದದ್ದು 1962ರಲ್ಲಿ. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ರಾಜ್ಯ ಸಂಪುಟ ಒಪ್ಪಿತು. ವ್ಯಾಪಾರದ ಊರಿಗೂ ಮಾಸ್ತರರ ಊರಿಗೂ ಅಷ್ಟು ವರ್ಷ ಹೊಂದಿಕೆಯಾದದ್ದೇ ಹೆಚ್ಚು ಅಂತ ನನಗನ್ನಿಸಿತು. ಚಿಕ್ಕಪ್ಪನ ಮುಂದೆ ಹೇಳಲಿಲ್ಲ.

ಪಕ್ಕದ ಮನೆಯ ಅಜ್ಜಾರು ಇದನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. "ಮಳಿ ಯಾವಾಗೋ ಪಾಲು ಮಾಡೇತ್ರಿ" ಅಂದರು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯ ಜೊತೆ ಪಶ್ಚಿಮದ ಕಡಲಿಗೆ ಹೋಗುತ್ತಾಳೆ. ಉಣಕಲ್ ಕೆರೆಯ ನಾಲೆ ಹುಬ್ಬಳ್ಳಿಯ ಕೊಳೆಯನ್ನೂ ಹೊತ್ತುಕೊಂಡು ಬೆಣ್ಣೆಹಳ್ಳ ಸೇರಿ, ಮಲಪ್ರಭೆ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಗೆ. ಅತ್ತ ಕೆಂಪು ಮಸಾರಿ, ಇತ್ತ ಎರೆ ಹೊಲ.

ಭಾರತ ಹುಣ್ಣಿಮೆಯ ಉಳವಿ ಜಾತ್ರೆ ಮುಗಿದಿತ್ತು. ಉಳವಿ ನೋಡಿ ಬರೋಣ ಅಂತ ಹೊರಟೆ. ಹಳಿಯಾಳ ದಾಟುವ ಮೊದಲೇ ಎದುರಿಗೆ ಚಕ್ಕಡಿಗಳ ಸಾಲು, ಜಾತ್ರೆ ಮುಗಿಸಿ ಊರಿಗೆ ಹೊರಟವರು. ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಝೂಲ. ಒಂದು ಬಂಡಿಯವರು ಮರದ ನೆರಳಿಗೆ ಕೊಳ್ಳ ಹರಿದು ಎತ್ತಿಗೆ ಹೊಟ್ಟು ಹಾಕುತ್ತಿದ್ದರು. ನನಗೂ ಕಟಕ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಬ್ಯಾಡ ಅಂದರೆ ಕೇಳುವ ಜನವಲ್ಲ.

ದಾಂಡೇಲಿಯ ಆಚೆ ಜೊಯಿಡಾ ತಾಲ್ಲೂಕು, ಬರೀ ಕಾಡು. ಹುಬ್ಬಳ್ಳಿ-ಧಾರವಾಡದಲ್ಲಿ 2011ರ ಗಣತಿಗೇ 9 ಲಕ್ಷ 43 ಸಾವಿರ ಜನ. ಇಡೀ ಜೊಯಿಡಾದಲ್ಲಿ ಸುಮಾರು 52 ಸಾವಿರ. ಮೊದಲು ಇದು ಸೂಪಾ ತಾಲ್ಲೂಕು. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಬಂದು ಸೂಪಾ ಊರೇ ಮುಳುಗಿತು, ಕಚೇರಿಗಳು ಜೊಯಿಡಾಕ್ಕೆ ಬಂದವು. ಮನೆ ಬಿಟ್ಟವರ ಲೆಕ್ಕ ಯಾವ ಫಲಕದಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ; ಅಣೆಕಟ್ಟಿನ ವಿದ್ಯುತ್ತಿನ ಮೆಗಾವ್ಯಾಟ್ ಲೆಕ್ಕ ಮಾತ್ರ ಎಲ್ಲರ ಬಾಯಲ್ಲೂ ಇದೆ. ಅಲ್ಲಿನ ಕುಣಬಿ ಜನರ ಗಡ್ಡೆ ಗೆಣಸು ಮಾರಾಟಕ್ಕಿತ್ತು, ಒಂದು ಚೀಲ ತಂದಿದ್ದೇನೆ.

ಕಲ್ಯಾಣದ ಕ್ರಾಂತಿಯ ನಂತರ ಚನ್ನಬಸವಣ್ಣ ಶರಣರ ಜೊತೆ ಬಂದು ನೆಲೆಸಿದ್ದು ಉಳವಿಯಲ್ಲಿ ಅನ್ನುತ್ತಾರೆ. ಸಮಾಧಿಯೂ ಅಲ್ಲೇ ಇದೆ. ಬೆನ್ನಟ್ಟಿದ ಸೈನ್ಯಕ್ಕೆ ಸಿಗದಷ್ಟು ದೂರ ಅಂತ ಆರಿಸಿದ ಜಾಗವಂತೆ ಅದು. ಬಯಲುಸೀಮೆಯವರು ಅದೇ ಜಾಗಕ್ಕೆ ವರ್ಷಾ ಎತ್ತು ಹೂಡಿಕೊಂಡು ಹೋಗುತ್ತಾರೆ. ಧಾರವಾಡದಲ್ಲೂ ಒಂದು ಉಳವಿ ಬಸಪ್ಪನ ಗುಡಿ ಇದೆ. ಪಾಲಿಕೆ ಒಂದಾದರೂ ಎರಡಾದರೂ ಈ ಬಂಡಿಯವರಿಗೆ ಅದರ ಗೊಡವೆಯಿಲ್ಲ.

ಮುಂದಿನ ಭಾರತ ಹುಣ್ಣಿಮೆಗೆ ನೀನೂ ಬಾ. ಅಜ್ಜಾರ ಬೀಗರದು ಬಂಡಿ ಇದೆಯಂತೆ, ಕೇಳಿಟ್ಟಿದ್ದೇನೆ. ದಪ್ಪ ಕಂಬಳಿ ತಾ, ಕಾಡಿನಲ್ಲಿ ರಾತ್ರಿ ಚಳಿ ಹೆಚ್ಚು. ಭಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ