ಪ್ರಯಾಣದಲ್ಲಿ ಪಿಸ್ತೂಲು

ಮೂಡಲಗಿ, ಗೋಕಾಕ, ಹುಕ್ಕೇರಿ ಈ ಮೂರು ಊರುಗಳಲ್ಲಿಯೂ ನಮಗೆ ನೆಂಟರಿದ್ದಾರೆ. ಮದುವೆ ಮುಂಜಿವೆಗಳಿಗೆ ಒಂದೇ ಮೋಟಾರಿನಲ್ಲಿ ಹಿರಿಯರು, ಹೆಂಗಸರು, ಮಕ್ಕಳು ಒತ್ತಾಗಿ ಕುಳಿತು ಹೋಗುವುದು ವಾಡಿಕೆ. ಅವರಲ್ಲೊಬ್ಬರ ಬಳಿ ಪರವಾನಿಗೆಯುಳ್ಳ ಪಿಸ್ತೂಲಿದ್ದರೆ ಅದು ಎಲ್ಲಿರತಕ್ಕದ್ದು? ಗಾಡಿ ನಡೆಯಿಸುವವರು ತಾವಲ್ಲವೆಂಬ ಮಾತ್ರಕ್ಕೆ ಅವರ ಹೊಣೆ ಕಡಿಮೆಯಾಗುವುದೆ? ಈ ಪ್ರಶ್ನೆಯು ನಮ್ಮ ಮನೆಯಲ್ಲಿಯೇ ಎದ್ದುದರಿಂದ ವಾಚಕರೊಡನೆ ನಾಲ್ಕು ಮಾತು ಆಡಬೇಕೆನಿಸಿದೆ.

ಆಯುಧವನ್ನು ಮರೆಮಾಡುವುದು ಕಳ್ಳರ ಲಕ್ಷಣವೆಂದು ಅನೇಕರ ತಿಳುವಳಿಕೆ. ಕಾಯಿದೆಯ ಮಾತೇ ಬೇರೆ. ೧೯೫೯ರ ಆಯುಧ ಕಾಯಿದೆಯ ಮೇರೆಗೆ ೨೦೧೬ರಲ್ಲಿ ರಚಿತವಾದ ನಿಯಮಗಳಂತೆ, ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಒಯ್ಯುವವನು ಅದನ್ನು ಮೈಗೆ ಕಟ್ಟಿದ ಒರೆಯಲ್ಲಾಗಲಿ, ಹೆಗಲಚೀಲದಲ್ಲಾಗಲಿ ಪೂರ್ಣವಾಗಿ ಮುಚ್ಚಿರಬೇಕು. ಅದು ಅವನ ಹತೋಟಿಯಲ್ಲಿಯೂ ಇರಬೇಕು. ಪೋಲೀಸ್ ಅಧಿಕಾರಿಯು ಕೇಳಿದರೆ ಪರವಾನಿಗೆಯನ್ನು ತೋರಿಸಬೇಕು. ಎಂದರೆ, ಜನರ ಕಣ್ಣಿಗೆ ಮರೆ, ಅಧಿಕಾರಿಗೆ ಮರೆಯಿಲ್ಲ.

ಹತೋಟಿಯ ಮಾತೇ ಪ್ರಯಾಣಿಕನಿಗೆ ಮುಖ್ಯವಾದುದು. ನಮ್ಮ ಸೋದರಮಾವಂದಿರು ಪಿಸ್ತೂಲಿನ ಚೀಲವನ್ನು ಮೋಟಾರಿನ ಮುಂದಿನ ಖಾನೆಯಲ್ಲಿರಿಸಿ, ಘಟಪ್ರಭೆಯಲ್ಲಿ ಚಹಕ್ಕೆ ಇಳಿಯುತ್ತಿದ್ದರು. ಗಾಡಿಯಲ್ಲಿ ಮಕ್ಕಳೂ ಚಾಲಕನೂ ಉಳಿಯುತ್ತಿದ್ದರು. ಒಮ್ಮೆ ನಮ್ಮ ತಾಯಿಯವರು, “ತಮ್ಮಾ, ಕೂಸು ಕೈ ಹಾಕೂ ಜಾಗಾದಾಗ ಅದನ್ನ ಇಡಬ್ಯಾಡ. ನಿನ್ನ ನಡದಾಗ ಇರಲಿ, ಇಲ್ಲಂದ್ರ ಮನ್ಯಾಗ ಇರಲಿ” ಎಂದರು. ಅವರು ಕಾಯಿದೆ ಓದಿದವರಲ್ಲ. ಆದರೂ ಅದರ ತಿರುಳನ್ನೇ ನುಡಿದರು. ಪರವಾನಿಗೆಯು ಮನುಷ್ಯನಿಗೆ ಕೊಟ್ಟುದು, ಮೋಟಾರಿಗಲ್ಲ. ಒಡೆಯನು ಇಳಿದರೆ ಆಯುಧವೂ ಇಳಿಯಬೇಕು.

ಎಲ್ಲಿಗೆ ಹೊರಟಿದ್ದೇವೆಂಬುದನ್ನೂ ಮೊದಲೇ ಯೋಚಿಸಬೇಕು. ಹುಕ್ಕೇರಿ ತಾಲೂಕಿನ ಸಂಕೇಶ್ವರವನ್ನು ದಾಟಿ ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರದ ಸೀಮೆ. ಪರವಾನಿಗೆಯು ಕರ್ನಾಟಕದ ಮಟ್ಟಿಗೆ ಮಾತ್ರವಿದ್ದರೆ ಗಡಿಯ ಆಚೆ ಅದು ನಡೆಯದು. ಜಾತ್ರೆ, ದೇವರ ಮೆರವಣಿಗೆ, ಜನಸಭೆ, ಶಾಲೆಯ ಆವರಣ—ಇಲ್ಲಿಗೆ ವಿಶೇಷ ಅನುಮತಿಯಿಲ್ಲದೆ ಆಯುಧವನ್ನು ಒಯ್ಯಕೂಡದೆಂಬುದು ಪರವಾನಿಗೆಯ ಷರತ್ತು. ಆದುದರಿಂದ ಗೋಕಾಕದ ಲಕ್ಷ್ಮೀದೇವಿಯ ಜಾತ್ರೆಗೆ ಹೊರಟವರು ಅದನ್ನು ಮನೆಯಲ್ಲಿಯೇ ಭದ್ರವಾಗಿರಿಸುವುದು ಲೇಸು. ಮದುವೆಯ ಸಂಭ್ರಮದಲ್ಲಿ ಪರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ, ೨೦೧೯ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು.

ಭಯವಿದ್ದವರು ಆಯುಧವನ್ನು ಬಯಸುವುದು ಸಹಜವೇ. ಬೆಲ್ಲ ಮಾರಿದ ಹಣದೊಡನೆ ರಾತ್ರಿಯಲ್ಲಿ ಒಬ್ಬನೇ ಮರಳುವ ರೈತನ ಅಳುಕನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಆದರೆ ಒಬ್ಬನ ಭಯವನ್ನು ನೀಗಲು ತಂದ ವಸ್ತುವು ಅದೇ ಗಾಡಿಯಲ್ಲಿ ಕುಳಿತ ಐವರಿಗೆ ಭಯವಾಗಬಾರದು. ಹೊರಡುವ ಮುನ್ನ ಮನೆಯ ಗೃಹಿಣಿಯು, “ಅದು ಎಲ್ಲಿದೆ? ಯಾರ ಕೈಯಲ್ಲಿದೆ? ಇಂದು ಅದು ಬೇಕೆ?” ಎಂದು ಕೇಳಲಿ. ಗಂಡಸರು ಸಿಡುಕದೆ ಉತ್ತರವನ್ನು ಕೊಡಲಿ. ಮೂರನೆಯ ಪ್ರಶ್ನೆಗೆ “ಬೇಡ” ಎಂಬ ಉತ್ತರವು ಬಂದರೆ ಪ್ರಯಾಣವು ಎಲ್ಲರಿಗೂ ಹಗುರಾಗುವುದು.